ಬೋರೆ ಬಸಪ್ಪನಿಗೆ ಎರಡು ಬೆರಳು

ಉದ್ದ ಕೂದಲಿನ ಹೆಂಗಸನ್ನು ಕಂಡು ಹೊಟ್ಟೆಕಿಚ್ಚು ಪಡುವವರಿಗೆ ಒಂದು ಮಾತು ಹೇಳುತ್ತೇನೆ. ಆ ಕೂದಲು ಅವಳದಲ್ಲ. ಅವಳ ತಲೆಯ ಮೇಲೆ ಬೆಳೆದಿರುತ್ತದೆ, ಅವಳೇ ಅದಕ್ಕೆ ಎಣ್ಣೆ ಹಚ್ಚುತ್ತಾಳೆ, ಸೀಗೆಪುಡಿ ಕಣ್ಣಿಗೆ ಬಿದ್ದರೆ ಅವಳೇ ಬೊಬ್ಬೆ ಹೊಡೆಯುತ್ತಾಳೆ, ಎಲ್ಲ ನಿಜ. ಆದರೆ ಅದರ ಮೇಲಿನ ಅಧಿಕಾರ ಅತ್ತೆಗೆ, ಗಂಡನಿಗೆ, ಬೀದಿಯ ಕೊನೆಯ ಮನೆಯ ಮುದುಕಿಗೆ ಹಂಚಿಹೋಗಿರುತ್ತದೆ. ನಮ್ಮ ಹಿತ್ತಲಲ್ಲಿ ಹುಟ್ಟಿದ ಗಂಧದ ಮರದ ಹಾಗೆ. ನೀರು ಹಾಕುವವರು ನಾವು, ಮರ ಮಾತ್ರ ಮಹಾರಾಜರದು.

ನಾನು ಚುಂಚನಕಟ್ಟೆಯವಳು. ಕಾವೇರಿ ನೀರಲ್ಲಿ ಬೆಳೆದ ಕೂದಲು. ಹುಣಸೂರಿಗೆ ಸೊಸೆಯಾಗಿ ಬಂದಾಗಲೇ ಜಡೆ ಮಂಡಿ ಮುಟ್ಟುತ್ತಿತ್ತು. (ಹೆಣ್ಣು ನೋಡಲು ಬಂದಾಗ ನಮ್ಮತ್ತೆ ಸೋಮಮ್ಮನವರು ಅದನ್ನು ಎಳೆದು ನೋಡಿದ್ದರು, ಚವರಿಯೋ ಸ್ವಂತದ್ದೋ ಎಂದು. ಅವರ ಮಗನ ಮೀಸೆಯನ್ನು ನಮ್ಮ ಕಡೆಯವರು ಯಾರೂ ಎಳೆದು ನೋಡಲಿಲ್ಲ. ನೋಡಬೇಕಿತ್ತು.)

ಇಷ್ಟು ವರ್ಷದ ಮೇಲೆ ಆ ಜಡೆಯ ತುದಿ ಸೀಳಿ, ಕೆಂಚಾಗಿ, ಹಳೆಯ ಪೊರಕೆಯಂತಾಯಿತು. ಹೋದ ಗೌರಿಹಬ್ಬಕ್ಕೆ ತವರಿಗೆ ಹೋದಾಗ ನನ್ನ ಅಣ್ಣನ ಹೆಂಡತಿ ಜಯಲಕ್ಷ್ಮಮ್ಮ ಅದನ್ನು ತುಂಬಿದ ಹಜಾರದಲ್ಲಿ ಎತ್ತಿ ಹಿಡಿದು, "ಇದೇನವ್ವ, ಎಮ್ಮೆ ಗಿಮ್ಮೆ ಮೇದ್‌ಬುಡ್ತಾ?" ಅಂದಳು. ಅವಳ ಜಡೆ ಎಷ್ಟುದ್ದ ಎಂದು ನಾನು ಹೇಳುವುದಿಲ್ಲ. ಇಲ್ಲದ ವಸ್ತುವಿನ ಅಳತೆ ಹೇಳುವುದು ಕಷ್ಟ. ಅವಳ ಮಗಳ ಮದುವೆ ವೈಶಾಖಕ್ಕೆ ನಿಶ್ಚಯವಾಗಿತ್ತು. ಆ ಮದುವೆಗೆ ತುದಿ ತಿದ್ದಿದ ಜಡೆ ಇಳಿಬಿಟ್ಟುಕೊಂಡು ಹೋಗಬೇಕು, ಅವಳ ಕಣ್ಣೆದುರು ಕೆಲಸವಿಲ್ಲದಿದ್ದರೂ ಹತ್ತಾರು ಸಲ ಓಡಾಡಬೇಕು. ಇದೇ ನನ್ನ ಜೀವನದ ಪರಮಗುರಿಯಾಯಿತು. ತುದಿ ಹೋಗಬೇಕು, ಆದರೆ ಉದ್ದ ಹೋಗಬಾರದು. ಎರಡೇ ಎರಡು ಬೆರಳು.

ಪಕ್ಕದ ಮನೆಯ ಹಾಜಿರಾಬಿ ದರ್ಜಿ ಅಹಮದ್ ಪಾಷಾರ ಹೆಂಡತಿ. ಮನೆ ತುಂಬ ಕತ್ತರಿ. ಮಗಳು ಫಹ್ಮೀದಾಳ ಕೂದಲ ತುದಿಯನ್ನು ಆಗಾಗ ಅವಳೇ ಸರಿಮಾಡುತ್ತಿದ್ದಳು. ಆ ಹುಡುಗಿಯ ಜಡೆಯ ಕೊನೆ ಗೆರೆ ಎಳೆದ ಹಾಗೆ ನೆಟ್ಟಗಿರುತ್ತಿತ್ತು. ನನಗೂ ಅಷ್ಟು ಮಾಡಿಕೊಡಿ ಎಂದು ಕೇಳಿದೆ.

"ಅದ್ಕೇನಮ್ಮ, ಈಗ್ಲೇ ಕೂತ್ಕೊಳ್ಳಿ ಅಂದ್ರೆ ಈಗ್ಲೇ ತೆಗಿತೀನಿ. ಆದ್ರೆ ನಿಮ್ಮತ್ತೇರ್ನ ಒಂದ್ ಮಾತು ಕೇಳ್ಕಂಡ್ ಬಂದ್ಬುಡಿ. ನಾಳೆ ನಿಮ್ಮನೇಲಿ ಹಾಲು ಒಡೆದ್ರೂ ಅದು ನನ್ ಕತ್ತರಿ ಮ್ಯಾಲೇ ಬತ್ತದೆ ಕಣ್ರೀ," ಅಂದಳು.

ಹೋಗಿ ಕೇಳಿದೆ. ಕೇಳಬಾರದಿತ್ತು.

"ಏನಂದೆ? ಮುತ್ತೈದೆ ತಲೆ ಮ್ಯಾಲೆ ಕತ್ತರಿಯಾ?" ಅತ್ತೆಯ ಮಡಿಲಲ್ಲಿದ್ದ ಅವರೆಕಾಯಿ ನೆಲಕ್ಕೆ ಚೆಲ್ಲಿತು. "ನನ್ ಮಗ ಇನ್ನೂ ಗುಂಡ್‌ಕಲ್ಲಂಗವ್ನೆ ಕಣವ್ವ! ಅಂತಾದ್ದೇನ್ ಬಂತು ನಿಂಗೆ?"

"ಬರೀ ತುದಿ ಅತ್ತೆ. ಎರಡು ಬೆರಳು."

"ಎರಡು ಬೆರಳಾದ್ರೇನು, ಎರಡು ಮೊಳ ಆದ್ರೇನು? ದೇವ್ರಿಗೆ ಅಂತ ತೆಗೆದ್ರೆ ಅದು ಮುಡಿ. ಸೋಕಿಗೆ ಅಂತ ತೆಗೆದ್ರೆ ಮನೆಗೆ ಕೇಡು. ತಿಳೀತಾ?"

ಗುಂಡುಕಲ್ಲಿನಂತಿದ್ದ ಮಗ ಅಲ್ಲೇ ಜಗಲಿಯ ಮೇಲಿದ್ದರು. (ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆಯಬಾರದೆಂದು ಯಾರೂ ಹೇಳಿಲ್ಲ. ಗಂಗಾಧರಪ್ಪ.) ಕಟ್ಟೆಮಳಲವಾಡಿಯಲ್ಲಿ ನಮಗೆ ಜಮೀನಿದೆ, ಇವರು ಅದನ್ನು ನೋಡಿಕೊಳ್ಳುತ್ತಾರೆ. ಅಂದರೆ ಹುಣಸೂರಿನ ಜಗಲಿಯ ಮೇಲೆ ಕೂತು ಜಮೀನಿರುವ ದಿಕ್ಕನ್ನು ನೋಡುತ್ತಾರೆ. ನಾನು ಕಣ್ಣಲ್ಲೇ ಸಹಾಯ ಬೇಡಿದೆ. ಅವರು ಗಂಟಲು ಸರಿಮಾಡಿಕೊಂಡು, "ಅವ್ವ ಯೋಳೋದ್ರಲ್ಲೂ ಒಂದರ್ಥ ಅದೆ," ಅಂದರು. ಮದುವೆಯಾದಾಗಿನಿಂದ ಈ ಒಂದರ್ಥವನ್ನು ಕೇಳುತ್ತಿದ್ದೇನೆ. ಅದೇನೆಂದು ಇವತ್ತಿನವರೆಗೆ ಅವರೂ ಬಿಡಿಸಿ ಹೇಳಿಲ್ಲ.

ಮೂರು ಹೊತ್ತೂ ಮುಖ ಊದಿಸಿಕೊಂಡಿದ್ದೆ. ಆಮೇಲೆ ರಾಗಿ ಬೀಸುತ್ತಿದ್ದಾಗ ಥಟ್ಟನೆ ಹೊಳೆಯಿತು. ದೇವರಿಗೆ ಅಂತ ತೆಗೆದರೆ ಅದು ಮುಡಿ! ಅತ್ತೆಯ ಬಾಯಿಂದಲೇ ಬಂದ ಅಪ್ಪಣೆ! ನಮ್ಮ ಮನೆದೇವರು ಬೋರೆ ಬಸಪ್ಪ, ಕಟ್ಟೆಮಳಲವಾಡಿ ದಾಟಿದರೆ ಸಿಗುವ ಕಲ್ಲುಬೋರೆಯೆಂಬ ಗುಡ್ಡದ ಮೇಲಿದ್ದಾನೆ. ಅವನಿಗೆ ಹೆಂಗಸರು ತುದಿಮುಡಿ ಕೊಡುವುದುಂಟು, ಎರಡು ಮೂರು ಬೆರಳಷ್ಟು. ದೇವರಿಗೆ ಭಕ್ತಿ, ನನಗೆ ನೆಟ್ಟಗಿನ ತುದಿ, ಅತ್ತೆಯ ಬಾಯಿಗೆ ಬೀಗ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಈ ಮನೆಯಲ್ಲಿ ತಲೆಯನ್ನು ಯೋಚಿಸುವ ಕೆಲಸಕ್ಕೆ ಬಳಸುವವಳು ನಾನೊಬ್ಬಳೇ ಎಂದುಕೊಂಡು ನೇರವಾಗಿ ಅತ್ತೆಯ ಹತ್ತಿರ ಹೋದೆ.

"ಅತ್ತೆ, ನಾನು ಬೋರೆ ಬಸಪ್ಪಂಗೆ ಎರಡು ಬೆರಳು ತುದಿಮುಡಿ ಹರಸ್ಕಂಡಿವ್ನಿ."

"ಯಾತಕ್ಕೆ?"

ಇದೊಂದನ್ನು ನಾನು ಯೋಚಿಸಿರಲಿಲ್ಲ. ಹರಕೆ ಎಂದ ಮೇಲೆ ಅದಕ್ಕೊಂದು ಕಷ್ಟ ಬೇಕು. ನನಗಿದ್ದ ದೊಡ್ಡ ಕಷ್ಟ ಎದುರಿಗೇ ಕೂತು ಮಂಡಿ ನೀವಿಕೊಳ್ಳುತ್ತಿತ್ತು.

"ನಿಮ್ಮ ಮಂಡಿನೋವು ವಾಸಿಯಾಗ್ಲಿ ಅಂತ," ಎಂದುಬಿಟ್ಟೆ.

ಅತ್ತೆಯ ಕಣ್ಣಲ್ಲಿ ನೀರು ಬಂತು. "ನನ್ ಮಂಡಿಗಾ ಮಗ?" ಅಂದರು. ಅಲ್ಲಿಯವರೆಗೆ ನಾನು ಆ ಮನೆಯಲ್ಲಿ ಬರೀ 'ಚುಂಚನಕಟ್ಟೆಯವಳು'. ಮಗ ಎಂದು ಕರೆಸಿಕೊಂಡದ್ದು ಅದೇ ಮೊದಲು.

ಕಬ್ಬಿಣ ಕಾದಿದೆ ಎಂದುಕೊಂಡು, "ಅಂಗಾರೆ ಈ ಸೋಮವಾರವೇ ಹೋಗಿ ಕೊಟ್ಬರ್ತೀನಿ ಅತ್ತೆ," ಅಂದೆ.

"ಅಯ್ಯೋ ಬೆಪ್ಪೆ! ಇನ್ನೂ ವಾಸಿಯೇ ಆಗಿಲ್ವಲ್ಲ. ಕೆಲ್ಸ ಆದ್ಮ್ಯಾಲಲ್ವಾ ಹರಕೆ ತೀರ್ಸೋದು? ಮುಂಚೇನೇ ಕೊಟ್ರೆ ಬಸಪ್ಪ ಈಸ್ಕಂಡು ಸುಮ್ಕೆ ಕುಂತ್ಕತಾನೆ."

ಹೀಗೆ ನನ್ನ ಕೂದಲಿಗೂ ಕತ್ತರಿಗೂ ನಡುವೆ ಅತ್ತೆಯ ಎರಡು ಮಂಡಿಗಳು ಬಂದು ನಿಂತವು.

ಬೇರೆ ದಾರಿಯಿರಲಿಲ್ಲ, ವಾಸಿಮಾಡಲು ಕೂತೆ. ಬೆಳಿಗ್ಗೆ ಎಕ್ಕದೆಲೆಯ ಶಾಖ, ಸಂಜೆ ಉಪ್ಪಿನ ಗಂಟು, ನಡುವೆ ಹರಳೆಣ್ಣೆ ತಿಕ್ಕುವುದು. ನನ್ನ ತಲೆಗೆಂದು ಕಾಯಿಸಿಟ್ಟ ಎಣ್ಣೆಯೆಲ್ಲ ಆ ಮಂಡಿಗಳಿಗೇ ಹೋಯಿತು. ಇತ್ತ ಎಣ್ಣೆ ಕಾಣದ ನನ್ನ ಜಡೆಯ ತುದಿ ಇನ್ನಷ್ಟು ಸೀಳಿತು. ಅತ್ತೆಯೋ ದರ್ಬಾರಿನಲ್ಲಿ ಕೂತವರ ಹಾಗೆ ಕಾಲು ಚಾಚಿಕೊಂಡು, ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. ನಾನು ದಿನವೂ ಆಸೆಯಿಂದ ಕೇಳುವುದು, "ಎಂಗದೆ ಅತ್ತೆ?"

"ಬಲಗಡೇದು ಒಸಿ ವಾಸಿ ಕಣ್ ಮಗ. ಎಡಗಡೇದು ಇನ್ನೂ ಛಳುಕ್ ಅಂತದೆ. ಒಸಿ ಮೇಲ್ಕೆ ತಿಕ್ಕು."

ಎಡಗಡೆಯದು ವಾಸಿಯಾದ ವಾರ ಬಲಗಡೆಯದಕ್ಕೆ ನೋವು. ಎರಡೂ ಸರಿಯಿದ್ದರೆ ಮೋಡ ಕವಿದಿದೆ, ಅದಕ್ಕೆ ಜೋಮು. ಸಂಕ್ರಾಂತಿ ಬಂದು ಹೋಯಿತು. ಶಿವರಾತ್ರಿಯೂ ಹೋಯಿತು. ನೋವು ಗೀವು ಏನೂ ಇಲ್ಲ, ಬಿಟ್ಟಿ ಚಾಕರಿಯ ರುಚಿ ಹತ್ತಿದೆ ಎಂದು ನನಗೆ ಗೊತ್ತಿತ್ತು. ಆದರೆ ಮಂಡಿಯೊಳಗಿನ ನೋವನ್ನು ಇಣುಕಿ ನೋಡಿ ಸುಳ್ಳೆಂದು ರುಜುವಾತು ಮಾಡುವ ಕೋರ್ಟು ಮೈಸೂರು ಸೀಮೆಯಲ್ಲೇ ಇರಲಿಲ್ಲ.

ಯುಗಾದಿಯ ಹಿಂದುಮುಂದು ಒಂದು ಮಧ್ಯಾಹ್ನ ಹಾಜಿರಾಬಿಯ ಮನೆಯಿಂದ ಹಿತ್ತಲ ಬಾಗಿಲಲ್ಲಿ ಒಳಗೆ ಬಂದೆ. ಅಟ್ಟದ ಏಣಿಯ ತುತ್ತತುದಿಯಲ್ಲಿ ಎರಡು ಪಾದಗಳು ಕಂಡವು. ಅತ್ತೆ! ನಾನು ಬೆಲ್ಲ ಕದಿಯುತ್ತೇನೋ ಎಂದು ಬೆಲ್ಲದ ಗುಡಾಣಕ್ಕೆ ಕೈ ಹಾಕಿ ನೋಡುತ್ತಿದ್ದರು.

"ಅತ್ತೆ!" ಎಂದು ಕೂಗಿದೆ.

ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಬೆಲ್ಲದುಂಡೆ ಹಿಡಿದು, ಏಣಿಯನ್ನು ಹಿಡಿಯದೆ ಸರಸರನೆ ಇಳಿದು ಬಂದರು. ನೆಲ ಮುಟ್ಟಿದ ಮೇಲೆ ನೆನಪಾಗಿ ಒಂದು ಹೆಜ್ಜೆ ಕುಂಟಿದರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ.

"ವಾಸಿಯಾಗದೆ ಕಣ್ ಮಗ," ಅಂದರು ಕೊನೆಗೆ. "ಆಗಿ ಒಸಿ ದಿನ ಆಯ್ತು. ಯೋಳ್‌ಬೇಕು ಯೋಳ್‌ಬೇಕು ಅಂತಿದ್ದೆ."

ಜಗಳಕ್ಕೆ ಬೇಕಾದಷ್ಟು ಸಾಮಾನು ಅಲ್ಲಿತ್ತು. ಆದರೆ ಅದನ್ನು ಇನ್ನೊಂದು ದಿನಕ್ಕೆ ಎತ್ತಿಟ್ಟೆ. ಮದುವೆ ಹತ್ತಿರ ಬಂದಿತ್ತು, ನನಗೆ ಬೇಕಾದದ್ದು ಜಯಲಕ್ಷ್ಮಮ್ಮನ ಮುಖ ಸಣ್ಣಗಾಗುವುದು, ಅತ್ತೆಯದಲ್ಲ. ಸೋಮವಾರಕ್ಕೆ ಗಾಡಿ ಹೂಡಿಸಿದೆ.

ಹಿಂದಿನ ದಿನ ಹಾಜಿರಾಬಿ ನನ್ನ ಜಡೆ ಬಿಚ್ಚಿ ಬಾಚಿ, ತುದಿಯಿಂದ ಎರಡು ಬೆರಳು ಅಳೆದು ಕೆಂಪು ದಾರ ಕಟ್ಟಿದಳು. "ಆ ಗುಡಿಯೋರ ಕೈಗೆ ಕತ್ತರಿ ಸಿಕ್ರೆ ಸಾಕು, ಹೊಲ ಕುಯ್ದಂಗೆ ಕುಯ್ತಾರೆ. ದಾರದ ಕೆಳಕ್ಕೆ ಅಂತ ಗಟ್ಟಿಯಾಗಿ ಯೋಳಿ," ಎಂದು ಬುದ್ಧಿ ಹೇಳಿದಳು.

ಹೇಳಿದೆ. ಬೋರೆಯ ಮೇಲೆ ಮುಡಿ ತೆಗೆಯುವ ಚಿಕ್ಕಬೀರಯ್ಯನ ಮುಂದೆ ಕಲ್ಲಿನ ಮೇಲೆ ಕೂತು, "ನೋಡಯ್ಯ, ದಾರದ ಮ್ಯಾಲೆ ಒಂದೆಳೆ ಹೋದ್ರೂ ನಿನ್ನ ಸುಮ್ನೆ ಬುಡಾಕಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಗದರಿದೆ.

"ನಂಗ್ಯಾಕವ್ವ, ನೀನ್ ಯೋಳಿದಷ್ಟೇ," ಎಂದು ಅವನು ಆಕಳಿಸಿ, ಹೇಳಿದಷ್ಟೇ ಕತ್ತರಿಸಿದ. ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನೋಡಿದೆ. ಆಹಾ! ಗೆರೆ ಎಳೆದ ಹಾಗೆ ನೆಟ್ಟಗೆ, ಕಪ್ಪಗೆ, ಒಂದು ಸೀಳಿಲ್ಲ. ಉದ್ದ ಹೋದದ್ದೇ ಗೊತ್ತಾಗುವುದಿಲ್ಲ. ಅತ್ತೆಯನ್ನೂ ಗೆದ್ದೆ, ಅತ್ತಿಗೆಯನ್ನೂ ಗೆದ್ದೆ ಎಂದು ಏಳಲು ಹೋದೆ.

ಹೆಗಲ ಮೇಲೆ ಒಂದು ಕೈ ಬಿತ್ತು. "ಕುಂತ್ಕೋ ಮಗ," ಅಂದರು ಅತ್ತೆ. "ಅದು ನಿನ್ ಹರಕೆ ಆಯ್ತು. ಇನ್ನು ನಂದು."

"ನಿಮ್ದಾ?"

"ಊ ಕಣ್ ಮಗ. ನೀನು ಎರಡು ಬೆರಳು ಹರಸ್ಕಂಡೆ. ತಿಂಗ್ಳುಗಟ್ಲೆ ತಿಕ್ದೆ. ಮಂಡಿ ಜಗ್ಲಿಲ್ಲ. ಆಗ ನಾನೇ ಯೋಚ್ನೆ ಮಾಡ್ದೆ, ಎರಡು ಮಂಡಿಗೆ ಎರಡು ಬೆರಳು ಅಂದ್ರೆ ಬಸಪ್ಪಂಗಾದ್ರೂ ಬೇಜಾರಾಗಾಕಿಲ್ವಾ? ಅದ್ಕೇ ಶಿವರಾತ್ರಿ ದಿನ ಪೂರ್ತಿ ಮುಡಿ ಹರಸ್ಕಂಡೆ. ಮಾರ್ನೆ ದಿನದಿಂದ ನೋವು ಕಾಣೆ!"

ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಯಾರ ಮುಡಿ ಅತ್ತೆ?"

"ನಂದಾ?" ಅತ್ತೆ ತಮ್ಮ ನೆಲ್ಲಿಕಾಯಿಯಷ್ಟರ ಗಂಟನ್ನು ಮುಟ್ಟಿಕೊಂಡು ನಕ್ಕರು. "ಇದ್ನ ದೇವ್ರಿಗೆ ಕೊಡಾಕಾಯ್ತದಾ? ನಿಂದು ಕಣ್ ಮಗ. ಮನೇಲಿರೋದ್ರಲ್ಲಿ ವೈನಾಗಿರೋದ್ನಲ್ವಾ ದೇವ್ರಿಗೆ ಕೊಡೋದು?"

ಗಂಡನ ಕಡೆ ತಿರುಗಿದೆ. "ರೀ, ನೀವಾದ್ರೂ ಏನಾರ ಯೋಳಿ!"

ಬೋರೆಯ ಮೇಲಿಂದ ಜಮೀನು ಚೆನ್ನಾಗಿ ಕಾಣುತ್ತದೆ. ಅವರು ಅದನ್ನೇ ನೋಡುತ್ತಿದ್ದರು. "ದೇವ್ರ ಇಸ್ಯ..." ಎಂದು ರಾಗ ಎಳೆದರು. "ಅವ್ವ ಯೋಳೋದ್ರಲ್ಲೂ..."

ಮುಂದಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಹರಕೆಯೇ ಬುರುಡೆ, ಬರೀ ತುದಿಗೋಸ್ಕರ ಕಟ್ಟಿದ ಕಥೆ ಎಂದು ಅಲ್ಲೇ ಕೂಗಿಬಿಡೋಣ ಎನ್ನಿಸಿತು. ಆದರೆ ಮನೆದೇವರ ಎದುರಲ್ಲಿ, ಅವನ ಹೆಸರಿನಲ್ಲೇ ಸುಳ್ಳು ಹೇಳಿದೆ ಎಂದು ಹೇಳುವುದು ಹೇಗೆ? ಆಗುವುದಿಲ್ಲ ಎಂದು ಎದ್ದು ನಡೆದರೆ, ಇನ್ನು ಸಾಯುವವರೆಗೆ ಆ ಮಂಡಿಗೆ ಸೊಳ್ಳೆ ಕಚ್ಚಿದರೂ ಪಾಪ ನನ್ನದೇ. ಅಷ್ಟರಲ್ಲಿ ಸುತ್ತ ಹೆಂಗಸರು ನೆರೆದಿದ್ದರು. "ಅತ್ತೆ ಮಂಡಿಗೆ ಮುಡಿ ಕೊಡ್ತಾವ್ಳಂತೆ, ಪುಣ್ಯಾತ್ಗಿತ್ತಿ," ಎಂದು ಒಬ್ಬಳು ನನ್ನ ಕಾಲಿಗೇ ಬಿದ್ದಳು. ಕಾಲು ಹಿಡಿದುಕೊಂಡ ಮೇಲೆ ಓಡುವುದೂ ಕಷ್ಟ.

ಕತ್ತಿ ನೆತ್ತಿ ಮುಟ್ಟಿದಾಗ ನಾನು ಅತ್ತೆ, ನಿಜವಾಗಿ ಅತ್ತೆ. ಕಾವೇರಿಯಲ್ಲಿ ಅಮ್ಮ ತೊಳೆದು ಬೆಳೆಸಿದ ಕೂದಲು ಮಡಿಲಿಗೆ ರಾಶಿ ಬೀಳುತ್ತಿದ್ದರೆ ಯಾರಿಗೆ ತಡೆಯುತ್ತದೆ? ಅತ್ತೆ ಸೆರಗಿನಿಂದ ನನ್ನ ಕಣ್ಣೊರೆಸಿ, "ಎಂಥ ಭಕ್ತಿ ನೋಡ್ರವ್ವ," ಎಂದು ಸುತ್ತಲಿದ್ದವರಿಗೆ ತೋರಿಸಿದರು. ಆಮೇಲೆ ಬೋಳುತಲೆಗೆ ತಾವೇ ಗಂಧ ಬಳಿದು, ಬೋರೆಯ ಮೆಟ್ಟಿಲುಗಳನ್ನು ನಮಗಿಂತ ಮುಂಚೆ ಇಳಿದು ಗಾಡಿಯಲ್ಲಿ ಕೂತಿದ್ದರು.

ಮದುವೆಗೆ ಹೋಗುವುದಿಲ್ಲ ಎಂದೆ. ಅತ್ತೆ ಬಿಡಲಿಲ್ಲ, ಎಳೆದುಕೊಂಡು ಹೋದರು. ಚುಂಚನಕಟ್ಟೆಯ ಚಪ್ಪರದಲ್ಲಿ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಮೂಲೆ ಹಿಡಿದೆ. ಸಂಗತಿ ತಿಳಿಯದವರು ಮೊದಲು ನನ್ನ ತಲೆ ನೋಡುವುದು, ಗಾಬರಿಯಾಗಿ ಕೊರಳಲ್ಲಿ ತಾಳಿ ಹುಡುಕುವುದು, ಆಮೇಲೆ ಪಂಕ್ತಿಯಲ್ಲಿ ಕೂತು ಎರಡನೇ ಸಲ ಪಾಯಸ ಬಡಿಸಿಕೊಳ್ಳುತ್ತಿದ್ದ ನನ್ನ ಗಂಡನನ್ನು ಕಂಡು ನಿಟ್ಟುಸಿರು ಬಿಡುವುದು. ಕೊನೆಗೆ ಅತ್ತೆಗೆ ತಡೆಯಲಾಗಲಿಲ್ಲ.

"ಸೆರಗು ತೆಗಿ ಮಗ. ಎಲ್ರೂ ನೋಡ್ಲಿ," ಎಂದು ತಾವೇ ಎಳೆದು ಹಾಕಿದರು. "ನನ್ ಮಂಡಿಗೋಸ್ಕರ ಕೊಟ್ಟವ್ಳೆ ಕಣ್ರವ್ವ, ನನ್ ಸೊಸೆ!"

ಚಪ್ಪರದ ಅತ್ತೆಯರೆಲ್ಲ ನನ್ನನ್ನು ನೋಡಿ, ತಮ್ಮ ತಮ್ಮ ಸೊಸೆಯರ ಕಡೆ ತಿರುಗಿದರು. ನನ್ನ ಹೆತ್ತ ತಾಯಿಯೂ ಅವರ ಜೊತೆಗೇ ಸೇರಿಕೊಂಡಳು. "ನನ್ ಸೊಂಟನೋವು ಎಷ್ಟ್ ವರ್ಷದ್ದು! ಈ ಮನೇಲಿ ನಂಗೆ ಅಂತ ಯಾರಾರೂ ಒಂದೆಳೆ ಹರಸ್ಕಂಡ್ರಾ?" ಎಂದು ಜಯಲಕ್ಷ್ಮಮ್ಮನನ್ನು ದುರುಗುಟ್ಟಿದಳು. ಆ ಒಂದು ಗಳಿಗೆ ನನ್ನ ಬೋಳುತಲೆಗೂ ತಂಪೆನಿಸಿತು.

ಜಯಲಕ್ಷ್ಮಮ್ಮ ಹೆದರಲಿಲ್ಲ. ತನ್ನ ಇಲಿಬಾಲವನ್ನು ಎಲ್ಲರ ಮುಂದೆ ಬಿಚ್ಚಿ ತೋರಿಸಿದಳು. "ದೇವ್ರಿಗೆ ಕೊಡೋವಷ್ಟು ನಂಗೆಲ್ಲದೆ ಅತ್ತೆ? ಅದ್ಕೂ ಪಡ್ಕಂಡ್ ಬಂದಿರ್‌ಬೇಕು," ಎಂದು ಮತ್ತೆ ಗಂಟು ಹಾಕಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, ತಟ್ಟೆಯಲ್ಲಿದ್ದ ಮೊಳಗಟ್ಟಲೆ ಮಲ್ಲಿಗೆಯ ದಂಡೆಯನ್ನು ತೋರಿಸಿ, "ನಿನ್ ಜಡೆಗೆ ಅಂತ್ಲೇ ಮೈಸೂರಿಂದ ತರ್ಸಿದ್ದೆ ಕಣವ್ವ. ಈಗೆಲ್ಲಿಗ್ ಮುಡಿಸ್ಲಿ?" ಎಂದಳು. ಒಂದು ಗಳಿಗೆ ನನ್ನ ತಲೆಯನ್ನೇ ನೋಡಿ, ದಂಡೆಯನ್ನು ಪೂರ್ತಿಯಾಗಿ ತಾನೇ ಮುಡಿದುಕೊಂಡಳು. ಅಷ್ಟು ಸಣ್ಣ ಗಂಟಿಗೆ ಅಷ್ಟು ಹೂವು ಹೇಗೆ ನಿಂತಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವಳು ನನ್ನ ಕಣ್ಣೆದುರು ಹತ್ತಾರು ಸಲ ಓಡಾಡಿದಳು, ಒಂದು ಮೊಗ್ಗೂ ಉದುರಲಿಲ್ಲ.