ಕುಲಕರ್ಣಿಯವರ ಇಷ್ಟದ ತಿನಿಸು

ಕಾಶಿಯಲ್ಲಿ ಸತ್ತವರ ಬಗ್ಗೆ ಏನೇ ಅನುಮಾನ ಬಂದರೂ ಪರಿಹಾರ ಹೇಳುವವರು ಘಾಟಿನ ಮೆಟ್ಟಿಲಿಗೊಬ್ಬರು ಸಿಗುತ್ತಾರೆ. ಇಷ್ಟು ವರ್ಷ ಇಲ್ಲಿ ಮೇಷ್ಟರಾಗಿದ್ದು ನಾನೂ ಒಂದಿಷ್ಟು ಕಲಿತಿದ್ದೇನೆಂಬ ಜಂಬವಿತ್ತು. ಸಹೋದ್ಯೋಗಿ ಕುಲಕರ್ಣಿಯವರು ತೀರಿಕೊಂಡು, ಅವರ ಈಮೇಲ್ ಖಾತೆ ಮಾತ್ರ ಉಳಿದುಕೊಂಡಾಗ ಆ ಜಂಬ ಇಳಿಯಿತು. ಅವರ ಹೆಂಡತಿ ಶಾರದಾಬಾಯಿಯವರಿಗೆ ಬೇಕಾಗಿದ್ದು ಒಂದೇ: ಇಬ್ಬರೂ ಕೇದಾರಕ್ಕೆ ಹೋಗಿದ್ದಾಗಿನ ಫೋಟೋಗಳು. ಅವು ಆ ಖಾತೆಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ. ಕೆಲವು ತಿಂಗಳು ಯಾರೂ ತೆರೆಯದಿದ್ದರೆ ಖಾತೆಯೇ ಅಳಿಸಿಹೋಗುತ್ತದೆಂದು ಯಾರೋ ಅವರನ್ನು ಹೆದರಿಸಿದ್ದರು. ನನಗೆ ಕಂಪ್ಯೂಟರ್ ಗೊತ್ತೆಂದು ಅವರು ನಂಬಿದರು. ನಾನೂ ಅಲ್ಲಗಳೆಯಲಿಲ್ಲ.

ಕಾಶಿಯದೇ ಲಂಕಾ ಬಡಾವಣೆಯ ಸೈಬರ್ ಕೆಫೆಯ ಪಾಂಡೇಜಿ, "ಪಾಸ್‌ವರ್ಡ್ ಭೂಲ್ ಗಯೇ ಕ್ಯಾ, ಮಾಸ್ಟರ್‌ಸಾಬ್?" ಎಂದರು. ಮರೆತವನು ನಾನಲ್ಲ, ನೆನಪಿದ್ದವರು ಈಗಿಲ್ಲ ಎಂದು ವಿವರಿಸುವಷ್ಟರಲ್ಲಿ ನನ್ನ ಹಿಂದಿಯೆಲ್ಲ ಖರ್ಚಾಯಿತು. ಕೊನೆಗೆ ಅವರೇ ದಾರಿ ತೋರಿಸಿದರು. ಖಾತೆ ಮಾಡುವಾಗ ಕುಲಕರ್ಣಿಯವರು ಒಂದು ಗುಟ್ಟಿನ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ, ಅದನ್ನೇ ಬರೆದರೆ ಬಾಗಿಲು ತೆರೆಯುತ್ತದೆ. ಮೂರು ಸಲ ತಪ್ಪಿದರೆ ಬಂದ್. ಪ್ರಶ್ನೆ: ನಿಮ್ಮ ಇಷ್ಟದ ತಿನಿಸು ಯಾವುದು?

"ಹಾಗಲಕಾಯಿ ಬರೀರಿ," ಎಂದರು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಶಾರದಾಬಾಯಿ. "ಕಾಶಿಗೆ ಬಂದ ವರ್ಷ ಅದನ್ನ ಬಿಟ್ರು. ಸೇರೂದನ್ನ ಅಲ್ಲೇನ್ರಿ ಇಲ್ಲಿ ಬಿಡೂದು?"

ತಪ್ಪು. ಮಾವಿನಹಣ್ಣು ಎಂದರು. ಅದೂ ತಪ್ಪು.

ಇನ್ನುಳಿದದ್ದು ಒಂದೇ ಸಲ. ಸರಿಯುತ್ತರ ನನಗೆ ಗೊತ್ತಿತ್ತು. ಅದೇ ವರ್ಷ ಶಾರದಾಬಾಯಿ ಬಿಟ್ಟದ್ದು ಬದನೆಕಾಯಿ. ಅಂದಿನಿಂದ ಅವರ ಮನೆಯಲ್ಲಿ ಅದರ ಅಡುಗೆಯಿಲ್ಲ. ಕುಲಕರ್ಣಿಯವರು ಮಾತ್ರ ಭಾನುವಾರ ನಮ್ಮ ಮನೆಗೆ ಬಂದು ಎಣ್ಣೆಗಾಯಿಯನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು. "ಆಕಿಗೆ ಹೇಳಬ್ಯಾಡ್ರಿ. ಹೇಳಿದ್ರ ಮಾಡಿ ಹಾಕ್ತಾಳ, ತಾನು ಸುಮ್ನ ನೋಡ್ಕೋತ ಕೂಡ್ತಾಳ," ಎನ್ನುತ್ತಿದ್ದರು. ಸತ್ತವರಿಗೆ ಕೊಟ್ಟ ಮಾತು ದೊಡ್ಡದೋ, ಬದುಕಿರುವವರ ಫೋಟೋ ದೊಡ್ಡದೋ? ಏನೂ ತೋಚದೆ, ಕೀಬೋರ್ಡಿಗೆ ಕೈ ಅಡ್ಡ ಹಿಡಿದು ಬದನೆಕಾಯಿ ಎಂದು ಬರೆದೇಬಿಟ್ಟೆ. ಖಾತೆ ತೆರೆಯಿತು.

ಹಿಮದ ಮುಂದೆ ಮಂಕಿಕ್ಯಾಪ್ ಹಾಕಿಕೊಂಡು ನಿಂತ ಗಂಡನನ್ನು ಅವರು ತುಂಬಾ ಹೊತ್ತು ನೋಡಿದರು. ಆಮೇಲೆ, "ಬದನಿಕಾಯಿ ಬರದ್ರಿ, ಹೌದಿಲ್ಲೋ?" ಎಂದರು.

ನಾನು ತಬ್ಬಿಬ್ಬಾದೆ. "ನಿಮಗೆ ಗೊತ್ತಿತ್ತಾ?"

"ಸೋಮವಾರಕ್ಕೊಮ್ಮೆ ಅವರ ಅಂಗಿ ಮ್ಯಾಲಿನ ಎಣ್ಣಿ ಕಲಿ ತೊಳದಾಕಿ ನಾನೇ ಅಲ್ಲೇನ್ರಿ?"

"ಮತ್ತೆ ಮೊದಲೇ ಹೇಳಬಾರದಿತ್ತೇ?"

"ಅವರು ಮುಚ್ಚಿಟ್ಟಿದ್ದನ್ನ ನಾ ಹೆಂಗ ಹೇಳ್ಲಿ?"

ಮನೆಗೆ ಬಂದವನೇ ನನ್ನ ಹೆಂಡತಿಯನ್ನು ಕೇಳಿದೆ: "ನಾಳೆ ನಾನು ಹೋದರೆ ನನ್ನ ಖಾತೆಗೂ ಇದೇ ಪ್ರಶ್ನೆ ಬರುತ್ತೆ. ನನಗಿಷ್ಟವಾದ ತಿನಿಸು ಯಾವುದು ಹೇಳು, ನೋಡೋಣ."

ಅವಳು ಒಗ್ಗರಣೆಯಿಂದ ತಲೆಯೆತ್ತದೆ, "ನಿಮಗಾ? ಬೇರೆಯವರ ಮನೇಲಿ ಮಾಡಿದ್ದು ಯಾವುದಾದ್ರೂ ಸರಿ," ಎಂದಳು.

ಅಂದೇ ಸಂಜೆ ಪಾಂಡೇಜಿಯ ಕೆಫೆಗೆ ಹೋಗಿ ನನ್ನ ಖಾತೆಯ ಉತ್ತರವನ್ನು ಅವಳು ಹೇಳಿದ ಹಾಗೇ ತಿದ್ದಿಸಿ ಬಂದೆ.