ಎಲೆಯ ಹಿಂಬದಿ

ಬಟ್ಟೆಯ ಮೇಲೆ ಸೂಜಿಯಿಂದ ಎಲೆ ತುಂಬುವುದರಲ್ಲಿ ಎರಡು ಪಂಥಗಳಿವೆ ಎಂಬುದನ್ನು ಮದುವೆಯ ವಯಸ್ಸಿನ ಗಂಡಸರಿಗೆ ಯಾರೂ ಹೇಳಿಕೊಡುವುದಿಲ್ಲ. ಸೊರಬದ ನಮ್ಮಮ್ಮನದು ಹಳೆಯ ಪಂಥ. ಎಲೆಯ ಅಂಚಿನಿಂದ ನಡುನರದವರೆಗೆ ದಾರ ಎಳೆದು, ಬಟ್ಟೆಯ ಅಡಿಯಿಂದಲೇ ಸೂಜಿಯನ್ನು ಮತ್ತೆ ಅಂಚಿಗೆ ತರಬೇಕು. ಆಗ ಎಲೆ ಮುಂದೆ ತುಂಬಿದಷ್ಟೇ ಹಿಂದೆಯೂ ತುಂಬುತ್ತದೆ. ಹೆಣ್ಣು ನೋಡಲು ಹೋದಲ್ಲೆಲ್ಲ ಅಮ್ಮ ಹುಡುಗಿಯ ಮುಖಕ್ಕಿಂತ ಮೊದಲು ಅವಳು ಕಸೂತಿ ಹಾಕಿದ ದಿಂಬಿನ ಚೀಲ ಕೇಳಿ, ಒಳಮೈ ಹೊರಗೆ ಮಾಡಿ ನೋಡುತ್ತಿದ್ದಳು. ಒಂದೊಂದು ದಾರದ ಗಂಟಿಗೆ ಒಂದೊಂದು ಸಂಬಂಧ ತಪ್ಪಿಹೋಗಿ, ನಾನು ಬ್ರಹ್ಮಚಾರಿಯಾಗಿಯೇ ಉಳಿಯುವ ಲಕ್ಷಣ ಕಾಣುತ್ತಿತ್ತು.

ಶಿಕಾರಿಪುರದಲ್ಲೂ ಅಮ್ಮ ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು ಚೀಲ ತಿರುಗಿಸಿ ಹುಡುಗಿಯತ್ತ ನೋಡಿದಳು.

“ಎಲೆ ಹಿಂದೆ ಎಂತದೂ ಇಲ್ವಲ್ಲಮ್ಮ!”

“ಹಿಂದ ಯಾರ್ ನೋಡ್ತಾರ್ರೀ?” ಎಂದಳು ಹುಡುಗಿ. “ಅಂಚಿನಾಗ ಚೂರು ಬಟ್ಟಿ ಹಿಡದು ಅಲ್ಲೇ ಸೂಜಿ ಮ್ಯಾಲೆ ತಂದ್ರ ಅರ್ಧ ದಾರ ಉಳಿತೈತ್ರೀ.”

ಅವಳಪ್ಪ ಜಂತೆ ನೋಡತೊಡಗಿದರು. ನಾನು ನಕ್ಕುಬಿಟ್ಟೆ. ಅವಳು ನನಗೆ ಬಹಳ ಹಿಡಿಸಿದ್ದಳು.

“ಹೀಗೆ ಎಲೆ ತುಂಬೋಳು ಮನೇನೂ ಹೀಗೇ ನಡೆಸ್ತಾಳೆ. ಬ್ಯಾಡ,” ಎಂದಳು ಅಮ್ಮ, ವಾಪಸು ಬರುವಾಗ ಬಸ್ಸಿನಲ್ಲಿ. “ನೀನೂ ಎಲೆ ನೋಡಿದ್ಯಲ್ಲ?”

“ನೋಡಿದೆ. ಚೆನ್ನಾಗಿದೆ. ನನಗೆ ಇವಳೇ ಆಗಬೇಕು, ಇಲ್ಲದಿದ್ದರೆ ಮದುವೆಯೇ ಬೇಡ,” ಎಂದೆ. ಅಮ್ಮ ಸೊರಬದವರೆಗೂ ಗೊಣಗಿದಳು. ಆದರೆ ಮದುವೆಯಾಯಿತು.

ಅಮ್ಮನ ಮಾತು ಸುಳ್ಳಾಗಲಿಲ್ಲ. ನಾನು ಸ್ಕೂಲಿಗೆ ಕೋಟು ಹಾಕಿಕೊಂಡು ಹೋಗುವ ಮೇಷ್ಟ್ರು. ಹೀಗಾಗಿ ನನ್ನ ಹೆಂಡತಿ ಅಂಗಿಯ ಕಾಲರಿಗೂ ಎದೆಯ ನಡುವಿನ ಗುಂಡಿಪಟ್ಟಿಗೂ ಮಾತ್ರ ಇಸ್ತ್ರಿ ಹಾಕುತ್ತಾಳೆ. ಇದ್ದಿಲು ಉಳಿಯುತ್ತದೆ. ಮೊನ್ನೆ ಸ್ಕೂಲಿಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು, ತಾವು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, “ಸೆಕೆ ರೀ ಮೇಷ್ಟ್ರೇ, ನೀವೂ ತೆಗೀರಿ,” ಎಂದರು. ನನ್ನ ಬೆನ್ನಿನ ಮೇಲಿನ ಸುಕ್ಕು ನೆನಪಾಗಿ, “ಸ್ವಲ್ಪ ಚಳಿ ಸಾರ್,” ಎಂದೆ. ಅವರು ಗಾಬರಿಯಿಂದ ತಮ್ಮ ಕುರ್ಚಿಯನ್ನು ದೂರ ಎಳೆದುಕೊಂಡರು. ಜ್ವರದ ಮನುಷ್ಯನೆಂದು ನನ್ನ ತರಗತಿಯ ತನಿಖೆಯನ್ನೂ ಬೇಗ ಮುಗಿಸಿದರು. ಅಷ್ಟರ ಮಟ್ಟಿಗೆ ಹೊಸ ಪಂಥದಿಂದ ನನಗೂ ಲಾಭವಾಯಿತು.

ಬೆವರಿ ಮನೆಗೆ ಬಂದು ಕೋಟು ಬಿಚ್ಚಿದಾಗ ಅಮ್ಮ ಮಜ್ಜಿಗೆ ಕೊಟ್ಟು, ಬೆನ್ನು ನೋಡಿ, “ಅವತ್ತೇ ಹೇಳಿದ್ನಲ್ಲೊ. ಎಲೆ ನೋಡಿದೀನಿ ಅಂದೆ. ಹಿಂದೆ ಖಾಲಿ ಇದ್ದದ್ದು ಕಾಣಲಿಲ್ವೇನೋ ನಿಂಗೆ?” ಎಂದಳು.

ಒಳಗಿನಿಂದ ಹೆಂಡತಿಯ ನಗು ಕೇಳಿಸಿತು. ಅವತ್ತು ಅಮ್ಮ ಚೀಲ ತಿರುಗಿಸುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ಚೀಲದ ಮೇಲೆ ಇರಲೇ ಇಲ್ಲ.