ನಮ್ಮ ಬೀಗರ ಪೋಲೆಂಡ್

ನಮ್ಮ ಬೀಗರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯಲ್ಲಿ, ಓಡಾಡಿ ಬೆಳೆದದ್ದು ಕೊಲ್ಹಾಪುರದ ಕಡೆ, ನೌಕರಿ ಮಾಡಿದ್ದು ಧಾರವಾಡದಲ್ಲಿ, ಮೊಮ್ಮಗಳನ್ನು ಆಡಿಸಲು ಬಂದದ್ದು ಅಮೆರಿಕದ ನ್ಯೂಜೆರ್ಸಿಗೆ. ಆದರೆ ಅವರು ವಾಸ ಮಾಡುತ್ತಿದ್ದದ್ದು ಮಾತ್ರ ಪೋಲೆಂಡಿನಲ್ಲಿ! ಆ ದೇಶದ ನೆಲವನ್ನು ಅವರು ಮೆಟ್ಟಿದವರಲ್ಲ. ಅವರ ವಂಶದಲ್ಲೇ ಯಾರೂ ಮೆಟ್ಟಿದವರಲ್ಲ. ಹಾಗಿದ್ದರೂ ಆ ದೇಶದ ಮಳೆ ಬೆಳೆ, ರಾಜಕೀಯ, ಸಂಗೀತ ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ.

ನಾನು ಹೈಸ್ಕೂಲು ಮುಗಿಸಿ ಮೈಸೂರಿನಲ್ಲಿ ಪಾತ್ರೆ ಅಂಗಡಿ ಇಟ್ಟವನು. ಪೋಲೆಂಡ್ ಎಂದರೆ ಭೂಪಟದಲ್ಲಿ ಜರ್ಮನಿಯ ಪಕ್ಕ ಎಲ್ಲೋ ಇರುವ ಒಂದು ಬಣ್ಣದ ತುಂಡು ಎನ್ನುವಷ್ಟೇ ನನ್ನ ವಿದ್ಯೆ. ಅಂಥವನಿಗೆ ಇಂಥ ಬೀಗರು! ಅವರನ್ನು ನೋಡಿ ಹಿಂದಿನಿಂದ ನಕ್ಕವರಲ್ಲಿ ನಾನೇ ಮೊದಲಿಗ. ಅದನ್ನೂ, ಅದಕ್ಕಿಂತ ಕೆಟ್ಟದ್ದನ್ನೂ ಒಪ್ಪಿಕೊಂಡುಬಿಡೋಣ ಎಂದೇ ಈ ವಯಸ್ಸಿನಲ್ಲಿ ಬರೆಯಲು ಕೂತಿದ್ದೇನೆ.

ಕಂಪ್ಯೂಟರು ಕಲಿತ ಹುಡುಗರನ್ನೆಲ್ಲ ಅಮೆರಿಕ ಬಾಚಿ ಬಾಚಿ ಕರೆದುಕೊಳ್ಳುತ್ತಿದ್ದ ಕಾಲವದು. ನನ್ನ ಮಗಳು ಅಳಿಯ ಇಬ್ಬರೂ ಪಾರ್ಸಿಪನಿ ಎಂಬ ಊರಿನಲ್ಲಿ ಕೆಲಸಕ್ಕಿದ್ದರು. ಹುಡುಗಿಯ ಅಪ್ಪ ಅಮ್ಮ ಆರು ತಿಂಗಳು ಬಂದು ಮಗು ನೋಡಿಕೊಂಡು ಹೋಗುವುದು, ಆಮೇಲೆ ಹುಡುಗನ ಕಡೆಯವರು ಬರುವುದು ಅಲ್ಲಿನ ರೂಢಿ. ಕಾರ್ಖಾನೆಯ ಪಾಳಿಯಂತೆ! ಆದರೆ ನಾಮಕರಣಕ್ಕೆಂದು ಎರಡು ಪಾಳಿಯೂ ಒಟ್ಟಿಗೆ ಸೇರಿಬಿಟ್ಟೆವು. ಬೀಗಿತ್ತಿಯವರು ತೀರಿಕೊಂಡಿದ್ದರು, ಬೀಗರು ಒಬ್ಬರೇ ಬಂದಿದ್ದರು. ಹಾಗಾಗಿ ನಡುಮನೆಯ ಒಂದು ಸೋಫಾದಲ್ಲಿ ನಾನು, ಇನ್ನೊಂದರಲ್ಲಿ ಅವರು, ನಡುವೆ ಪೋಲೆಂಡ್.

ಮೊದಲ ಆಘಾತ ಊಟದ ಹೊತ್ತಿಗೇ ಆಯಿತು. ನನ್ನ ಹೆಂಡತಿ ಕಸ್ಟಮ್ಸಿನವರ ಕಣ್ಣು ತಪ್ಪಿಸಿ, ಸೀರೆಯಲ್ಲಿ ಸುತ್ತಿ ತಂದಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಹೆಮ್ಮೆಯಿಂದ ತೆಗೆದಳು. ಅದನ್ನು ನೋಡಿದ್ದೇ ಬೀಗರ ಮುಖ ಅರಳಿತು.

"ಹಿಂಗ ನೋಡ್ರಿ! ಪೋಲೆಂಡಿನ ಒಬ್ಬ ದೊಡ್ಡ ಪಿಯಾನೋ ವಿದ್ವಾಂಸ ಪರದೇಶದಾಗ ಸತ್ತ. ದೇಹ ಅಲ್ಲೇ ಹುಗದ್ರು. ಅವನ ಅಕ್ಕ ಏನ್ ಮಾಡಿದ್ಲು ಗೊತ್ತೇನ್ರಿ? ಅವನ ಹೃದಯ ಜಾಡಿಯೊಳಗ ಹಾಕಿ, ಲಂಗದಾಗ ಮುಚ್ಚಿಟ್ಕೊಂಡು, ಗಡಿ ಕಾಯೋರ ಕಣ್ಣು ತಪ್ಪಿಸಿ ಊರಿಗೆ ತಂದ್ಲು. ಇವತ್ತೂ ಗುಡಿಯ ಕಂಬದಾಗ ಅದ!"

ಹೆಂಡತಿಯ ಕೈಯಿಂದ ಚಮಚ ಬಿತ್ತು. ಆ ಉಪ್ಪಿನಕಾಯಿಯನ್ನು ಆಮೇಲೆ ಯಾರು ಮುಟ್ಟುತ್ತಾರೆ ಹೇಳಿ!

ವಾರಾಂತ್ಯದಲ್ಲಿ ಅಳಿಯ ನಮ್ಮನ್ನು ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದ. ದರ್ಶನ ಮುಗಿಸಿ ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದೆವು. ಮುಂದೆ ನಿಂತಿದ್ದ ಇಬ್ಬರು ಕನ್ನಡದ ಹುಡುಗರು ಬೀಗರಿಗೆ ಸಿಕ್ಕಿಬಿದ್ದರು. ಪೋಲೆಂಡ್ ಎಂಬ ಶಬ್ದ ಕೇಳಿದ ಕೂಡಲೇ ಒಬ್ಬ ಕೇಳಿದ, "ಅಲ್ಲಿ ಯಾವ ಕ್ಲೈಂಟು ಅಂಕಲ್?"

"ಕ್ಲೈಂಟ್ ಅಲ್ಲಪಾ, ದೇಶ! ಸುತ್ತಲಿನ ಮೂರು ರಾಜ್ಯದವರು ಸೇರಿ ಹರಕೊಂಡು ತಿಂದ್ರು. ನೂರಾ ಚಿಲ್ಲರ ವರ್ಷ ನಕಾಶದಾಗ ಆ ದೇಶನ ಇರಲಿಲ್ಲ. ಆದ್ರ ಮಂದಿ ಮನ್ಯಾಗ ಬಾಗಲಾ ಹಾಕ್ಕೊಂಡು ಮಕ್ಕಳಿಗೆ ತಮ್ಮ ಭಾಷಾ ಕಲಿಸಿದ್ರು, ಹಾಡು ಕಲಿಸಿದ್ರು. ಮೊದಲ ಮಹಾಯುದ್ಧ ಮುಗಿದ ಕೂಡಲೇ ದೇಶ ಹೊಳ್ಳಿ ಎದ್ದು ನಿಂತ್ತು!"

ಇನ್ನೊಬ್ಬ ಹುಡುಗ ಗಂಭೀರವಾಗಿ ತಲೆಯಾಡಿಸಿದ. "ಅಂದ್ರೆ ಸರ್ವರ್ ಡೌನ್ ಆಗಿತ್ತು, ಬ್ಯಾಕಪ್ ಮನೆಮನೇಲಿತ್ತು ಅನ್ನಿ ಅಂಕಲ್."

"ಬರೋಬ್ಬರಿ ಹೇಳಿದಿ!" ಎಂದು ಬೀಗರು ಅವನ ಬೆನ್ನು ತಟ್ಟಿದರು. ಅಷ್ಟರಲ್ಲಿ ಪುಳಿಯೋಗರೆ ಖಾಲಿ!

ಕನ್ನಡ ರಾಜ್ಯೋತ್ಸವ ಬಂತು, ಹೋಯಿತು. ಬೀಗರು "ಶುಭಾಶಯ" ಎಂದು ಚಹಾ ಕುಡಿದರು, ಮುಗಿಯಿತು. ಹತ್ತು ದಿನ ಕಳೆದು ಒಂದು ಬೆಳಿಗ್ಗೆ ನೋಡುತ್ತೇನೆ, ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಡುಗೆ ಮನೆಯಲ್ಲಿ ನಿಂತಿದ್ದಾರೆ! ನನ್ನ ಮುಂದೆ ದೋಸೆಯ ತಟ್ಟೆ ಬಂತು. ಮೇಲೆ ಕಾಯಿ ಚಟ್ನಿ, ಅದಕ್ಕೆ ಅಂಟಿದಂತೆ ಕೆಳಗೆ ಅವರ ಊರಿನ ಕೆಂಪು ಖಾರದ ಚಟ್ನಿ.

"ಇವತ್ತು ಪೋಲೆಂಡಿನ ಸ್ವಾತಂತ್ರ್ಯ ದಿನ. ಮ್ಯಾಲ ಬಿಳಿ, ಕೆಳಗ ಕೆಂಪು. ಝೆಂಡಾ ರೀ!"

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಎದ್ದು ನಿಲ್ಲಲೇ? ತಿನ್ನಲೇ? ಕೈಗೆ ಅನುಕೂಲವಾಗಲಿ ಎಂದು ತಟ್ಟೆಯನ್ನು ಸ್ವಲ್ಪ ತಿರುಗಿಸಿದೆ. ಬೀಗರು ಹೌಹಾರಿದರು.

"ತಿರಗಸಬ್ಯಾಡ್ರಿ ಬೀಗರ, ಕೆಂಪು ಮ್ಯಾಲ ಬಂದ್ರ ಇಂಡೋನೇಷ್ಯಾ ಆಗ್ತದ!"

ಅಂದು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ನಕ್ಕೆ. ಹೆಣ್ಣು ಕೊಟ್ಟವನು ಗಂಡಿನ ತಂದೆಯ ಎದುರಿಗೆ ನಗಲಾದೀತೆ? ಮಗಳ ಬಳಿ ಮಾತ್ರ, "ನಿಮ್ಮ ಮಾವನವರಿಗೆ ಒಂದು ಸ್ಕ್ರೂ ಸಡಿಲ ಕಣೇ" ಎಂದೆ. ಅವಳು, "ಅಪ್ಪಾ ಪ್ಲೀಸ್, ಹಿ ಈಸ್ ಹಾರ್ಮ್‌ಲೆಸ್" ಎಂದು ಕಂಪ್ಯೂಟರಿನತ್ತ ತಿರುಗಿದಳು.

ಹಾರ್ಮ್‌ಲೆಸ್ಸು ಎಂದೇ ನಾನೂ ತಿಳಿದಿದ್ದೆ, ಒಗೆಯುವ ಬಟ್ಟೆ ಹೊತ್ತುಕೊಂಡು ನೆಲಮಾಳಿಗೆಯ ಲಾಂಡ್ರಿ ರೂಮಿಗೆ ಇಳಿಯುವವರೆಗೆ. ಅಲ್ಲಿ ಕಂಡದ್ದೇನು! ನಮ್ಮ ಬೀಗರು ಮಂಚದ ಹೊದಿಕೆಯ ಎರಡು ತುದಿ ಹಿಡಿದಿದ್ದಾರೆ. ಇನ್ನೆರಡು ತುದಿ ಹಿಡಿದು, ಅವರ ಎದುರು ಹೆಜ್ಜೆ ಹಾಕಿ ಬಂದು, ಮಡಿಸಿ, ಮತ್ತೆ ಹಿಂದೆ ಸರಿಯುತ್ತಿರುವವಳು ಒಬ್ಬ ಬಿಳಿಯ ಮುದುಕಿ! ಕೋಲಾಟದಂತಿತ್ತು. ನಾನು ಕಂಬದಂತೆ ನಿಂತೆ.

"ಬರ್ರಿ ಬೀಗರ! ಇವರು ವಾರ್ಸಾದವರು! ಕೆಳಗಿನ ಮನ್ಯಾಗ ಅದಾರ. ನಮ್ಮಂಗ ಮೊಮ್ಮಗನ್ನ ನೋಡಿಕೊಳ್ಳಾಕ ಬಂದವರು."

ಆಕೆಗೆ ನನ್ನಷ್ಟೇ ಇಂಗ್ಲಿಷು. ಬೀಗರಿಗೆ ಪೋಲಿಷ್ ಭಾಷೆಯ ಹತ್ತಿಪ್ಪತ್ತು ಶಬ್ದ. ಅಷ್ಟರಲ್ಲೇ ಇಬ್ಬರೂ ಒಂದು ದೇಶ ಕಟ್ಟುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಅವರ ರಾಜಧಾನಿ ವಾರ್ಸಾವನ್ನು ಶತ್ರುಗಳು ಕಲ್ಲಿನ ಮೇಲೆ ಕಲ್ಲು ಉಳಿಯದಂತೆ ಕೆಡವಿದರಂತೆ. ಜನ ಹಳೆಯ ವರ್ಣಚಿತ್ರಗಳನ್ನು ಮುಂದಿಟ್ಟುಕೊಂಡು, ಕಿಟಕಿ ಹೀಗಿತ್ತು, ಬಾಗಿಲು ಹೀಗಿತ್ತು ಎಂದು ನೋಡಿ ನೋಡಿ ಹಳೆಯ ಪೇಟೆಯನ್ನು ಮತ್ತೆ ಕಟ್ಟಿದರಂತೆ. ಬೀಗರು ಇದನ್ನು ನನಗೆ ವರ್ಣಿಸುತ್ತಿರುವಾಗ ಆ ಮುದುಕಿ ಎರಡು ಅಂಗೈ ಚಾಚಿ, "ಮೀ, ಸ್ಮಾಲ್ ಗರ್ಲ್. ಬ್ರಿಕ್, ಬ್ರಿಕ್" ಎಂದು ಇಟ್ಟಿಗೆ ದಾಟಿಸುವ ಅಭಿನಯ ಮಾಡಿ ತೋರಿಸಿದಳು. ಬೀಗರು ಆ ಬರಿ ಕೈಯನ್ನೇ ನೋಡುತ್ತ ನಿಂತುಬಿಟ್ಟರು.

ಮೇಲೆ ಬಂದವರೇ ಬಾಂಬು ಹಾಕಿದರು. "ಬೀಗರ, ನಾಮಕರಣಕ್ಕ ಆಕಿನ್ನ ಕರದೀನಿ."

"ಬೀಗರೇ, ಅವರು ಏನೇನೋ ತಿನ್ನೋರು! ಪುರೋಹಿತರು ಬರ್ತಾರೆ, ಎಡಿಸನ್ ಊರಿಂದ ನಮ್ಮ ಕಡೆಯೋರು ಬರ್ತಾರೆ. ನೋಡಿದೋರು ಏನಂದುಕೊಳ್ತಾರೆ?"

"ಏನರ ಅಂದ್ಕೊಳ್ಳಲಿ. ಆಕಿ ಪಂಕ್ತಿಯೊಳಗ ಕೂಡಬೇಕು, ಎಲ್ಲಾರಂಗ ಎಲಿ ಮ್ಯಾಲ ಉಣ್ಣಬೇಕು. ಇಷ್ಟು ಮಾಡಿಕೊಡ್ರಿ, ನಿಮ್ಮ ಕೈ ಮುಗೀತೀನಿ."

ಮಗನ ಮದುವೆಯಲ್ಲಿ ಒಂದು ಬೆಳ್ಳಿ ಲೋಟವನ್ನೂ ಕೇಳದಿದ್ದ ಮನುಷ್ಯ! ಬೀಗತನ ಬೆಳೆದ ಮೇಲೆ ಅವರು ನನ್ನ ಬಳಿ ಕೇಳಿದ್ದು ಅದೊಂದನ್ನೇ. ನಾನು "ಆಗಲಿ" ಎಂದೆ. ಹಾಗೆಂದು ಬಾಯಲ್ಲಿ ಹೇಳಿ, ತಲೆಯಲ್ಲಿ ಬೇರೆಯದೇ ಏರ್ಪಾಟು ಮಾಡಿದೆ.

ನಾಮಕರಣದ ದಿನ ಮನೆ ತುಂಬ ಜನ. ಕಾರ್ಪೆಟ್ಟಿನ ಮೇಲೆ ಉದ್ದಕ್ಕೆ ಬೆಡ್‌ಶೀಟು ಹಾಸಿ, ಇಂಡಿಯನ್ ಅಂಗಡಿಯಿಂದ ತಂದ ಬಾಳೆ ಎಲೆ ಹಾಕಿದ್ದೆವು. ಮೊದಲ ಪಂಕ್ತಿ ಕೂರುವ ಹೊತ್ತಿಗೆ ಬೀಗರು ಒಳಕೋಣೆಯಲ್ಲಿ ಮಡಿಯುಟ್ಟು ಪುರೋಹಿತರ ಜೊತೆ ಇದ್ದರು. ಆ ಮುದುಕಿ ಹೂವಿನ ಚಿತ್ತಾರದ ಶಾಲು ಹೊದ್ದು, ಮಗುವಿಗೆ ಒಂದು ಉಣ್ಣೆಯ ಟೋಪಿ ಹೆಣೆದು ತಂದಿದ್ದಳು. ನಾನು ಮುಖದ ತುಂಬ ನಗು ತಂದುಕೊಂಡು, "ನೀ ಪೇನ್, ನೀ ಪೇನ್" ಎಂದು ನನ್ನ ಮಂಡಿ ತೋರಿಸಿ, ಆಕೆಯನ್ನು ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಟ್ಟಿದ್ದ ಕುರ್ಚಿಗೆ ಕರೆದೊಯ್ದೆ. ಆಕೆಯ ಮಂಡಿಯ ಮೇಲೆ ನನಗೆ ಅಷ್ಟು ಕರುಣೆ! ಬಡಿಸಿದ್ದು ಪೇಪರ್ ತಟ್ಟೆಯಲ್ಲಿ. ಜೀವಮಾನವೆಲ್ಲ ಸ್ಟೀಲು ತಟ್ಟೆ ಮಾರಿದವನು ನಾನು. ಆ ಮನೆಗೆ ಡಜನ್ನುಗಟ್ಟಲೆ ತಟ್ಟೆ ಹೊತ್ತು ತಂದವನೂ ನಾನೇ. ಆದರೆ ಪೇಪರ್ ತಟ್ಟೆಯನ್ನು ಎಸೆಯಬಹುದಲ್ಲ!

ಮುದುಕಿ ಒಂದು ಅಗುಳೂ ಬಿಡದೆ ಉಂಡಳು. ಎದ್ದಳು. ತಟ್ಟೆಯನ್ನು ತಾನೇ ಎತ್ತಿಕೊಂಡಳು. ಕುರ್ಚಿಯ ಮೇಲೆ ಬಿದ್ದಿದ್ದ ಚಿತ್ರಾನ್ನದ ಎರಡು ಕಾಳನ್ನು ಕಂಡು ನ್ಯಾಪ್ಕಿನ್ನಿನಿಂದ ಕೂತ ಜಾಗವನ್ನು ಒರೆಸತೊಡಗಿದಳು. ಬೀಗರು ಕೋಣೆಯಿಂದ ಹೊರಬಂದದ್ದು ಆಗ.

"ಬ್ಯಾಡ! ಬ್ಯಾಡ್ರಿ!"

ಆ ಕೂಗಿಗೆ ಪಂಕ್ತಿಯಲ್ಲಿದ್ದವರ ಕೈ ಎಲೆಯ ಮೇಲೆಯೇ ನಿಂತಿತು. ತೊಟ್ಟಿಲಲ್ಲಿ ಮಗು ಬೆಚ್ಚಿತು. ಬೀಗರು ಓಡಿಬಂದು ಆಕೆಯ ಎಂಜಲು ತಟ್ಟೆಯನ್ನು ಕಿತ್ತುಕೊಂಡು, ತಾವು ಉಟ್ಟಿದ್ದ ಮಡಿ ಪಂಚೆಯ ಚುಂಗಿನಿಂದಲೇ ಆ ಕುರ್ಚಿಯನ್ನು ಒರೆಸಿದರು. ಗಂಡಿನ ತಂದೆ! ಪುರೋಹಿತರ ಕಣ್ಣೆದುರು! ಪುರೋಹಿತರು ಮುಖ ತಿರುಗಿಸಿ ಗಟ್ಟಿಯಾಗಿ ಯಾವುದೋ ಮಂತ್ರ ಹೇಳತೊಡಗಿದರು. ಮುದುಕಿ ತನ್ನಿಂದ ಏನು ತಪ್ಪಾಯಿತೋ ಎಂದು ಗಾಬರಿಯಾಗಿ, "ಸಾರಿ, ಸಾರಿ" ಎಂದಳು.

ಜನ ಹೋದ ಮೇಲೆ ಬೀಗರು ಬಾಲ್ಕನಿಯಲ್ಲಿ ಚಳಿಯಲ್ಲಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೇ ಹೋದೆ.

"ನಿಮ್ಮ ಮ್ಯಾಲ ಸಿಟ್ಟಿಲ್ಲ ಬೀಗರ," ಎಂದರು. "ಯುದ್ಧದ ಕಾಲಕ್ಕ ಕೊಲ್ಹಾಪುರದ ಹತ್ತಿರ ವಳಿವಡೆ ಅನ್ನೋ ಊರಾಗ ಪೋಲೆಂಡಿನ ನಿರಾಶ್ರಿತರ ಶಿಬಿರ ಇತ್ತು. ಬರೇ ಹೆಣ್ಣುಮಕ್ಕಳು, ಹುಡುಗ್ರು. ನಮ್ಮಪ್ಪ ಅಲ್ಲೇ ರೈಲ್ವೆದಾಗ ಗುಮಾಸ್ತ. ನನ್ನ ವಾರಿಗಿ, ನನ್ನಷ್ಟ ವಯಸ್ಸಿನ ಹುಡುಗಿ ಒಬ್ಬಾಕಿ ನಮ್ಮ ಮನೀಗೆ ಆಡಾಕ ಬರ್ತಿದ್ಲು. ಅವರ ದೇಶದ ಕಥಿ ಎಲ್ಲಾ ಆಕಿನ ಹೇಳಿದ್ದು, ಮಣ್ಣಾಗ ನಕಾಶ ತೆಗೆದು. ನಮ್ಮವ್ವ ಆಕಿನ್ನ ಹೊರಗ ಕಟ್ಟಿ ಮ್ಯಾಲ ಕೂಡಿಸಿ ಉಣ್ಣಾಕ ಹಾಕ್ತಿದ್ಲು. ಉಂಡಾದ ಮ್ಯಾಲ ಎಲಿ ನೀನ ಎತ್ತು, ಜಾಗಾ ನೀನ ಸೆಗಣಿ ಹಚ್ಚಿ ಸಾರಿಸು ಅಂತ ಕೈ ಸನ್ನಿ ಮಾಡಿದ್ಲು. ಆ ಹುಡುಗಿಗೆ ಏನ್ ತಿಳೀಬೇಕ್ರಿ? ಇದೂ ಒಂದು ಆಟ ಅಂದ್ಕೊಂಡು ನಕ್ಕೋತ ಸಾರಿಸಿದ್ಲು. ಮುಂದಿನ ಸಲ ಯಾರೂ ಹೇಳೂದ್ರೊಳಗ ತಾನ ಸೆಗಣಿ ಹುಡುಕ್ಕೊಂಡು ತಂದ್ಲು, 'ಛಂದ ಆತೇನು?' ಅಂತ ನನ್ನ ಮಾರಿ ನೋಡಿದ್ಲು. ನಾ ಏನೂ ಹೇಳಲಿಲ್ಲ. ನನಗ ತಿಳೀತಿತ್ತು ಬೀಗರ. ಹೇಳಲಿಲ್ಲ. ಯುದ್ಧ ಮುಗೀತು, ಹೊಂಟುಹೋದ್ಲು."

ಬಾಲ್ಕನಿಯ ಕಂಬಿಗೆ ಕೈಯೂರಿ ಅಂದರು, "ಅವರ ದೇಶದ ಬಗ್ಗೆ ಏನ್ ಸಿಕ್ಕರೂ ಓದಿದೆ. ಮತ್ತೇನ್ ಮಾಡಲಿ?"

ಬಿಳಿ ಕೆಂಪು ಚಟ್ನಿಗೆ ನಲ್ಲಿ ಬಿಟ್ಟು ನಕ್ಕವನು ನಾನು.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಆ ಮುದುಕಿ ಬೀಗರನ್ನು ಊಟಕ್ಕೆ ಕರೆದಳು. ಬೀಗರು ನನ್ನನ್ನೂ ಎಬ್ಬಿಸಿದರು. "ನನ್ನನ್ನ ಕರೆದಿಲ್ಲವಲ್ಲ" ಎಂದೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ಅವರು ಕೇಳಲಿಲ್ಲ, ತೋಳು ಹಿಡಿದು ಕೆಳಗಿಳಿಸಿದರು.

ಆ ಮನೆಯ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿತ್ತು. ಆ ಸಂಜೆ ಅವರಲ್ಲಿ ಮಾಂಸ ಇಲ್ಲವಂತೆ. ಮೀನನ್ನು ನಮಗಾಗಿ ಆ ತುದಿಗೆ ಸರಿಸಿದ್ದರು. ಈ ಕಡೆ ಎಲೆಕೋಸು, ಅಣಬೆ ತುಂಬಿದ ಕಡುಬು, ಬೀಟ್ರೂಟಿನ ತಿಳಿಸಾರು. ಮುದುಕಿ, ಮಗ, ಸೊಸೆ, ಪುಟ್ಟ ಹುಡುಗ, ಬೀಗರು ಎಲ್ಲರೂ ಕೂತ ಮೇಲೂ ಒಂದು ಕುರ್ಚಿ ಖಾಲಿ ಇತ್ತು. ಅದರ ಮುಂದೆ ಅಂಚಿಗೆ ನೀಲಿ ಹೂಬಳ್ಳಿಯಿದ್ದ ಪಿಂಗಾಣಿಯ ತಟ್ಟೆ. ಮನೆಯಲ್ಲೇ ಚೆಂದದ ತಟ್ಟೆ ಅದು. ಪಾತ್ರೆಯವನಿಗೆ ಅಷ್ಟು ಗೊತ್ತಾಗದೆ?

"ಇದು ಯಾರಿಗೆ?" ಎಂದು ಬೀಗರನ್ನು ಮೆಲ್ಲಗೆ ಕೇಳಿದೆ.

"ಇದು ಇವರ ಪದ್ಧತಿ. ಇವತ್ತಿನ ಸಂಜಿ ಪ್ರತಿಯೊಂದು ಮನ್ಯಾಗ ಒಂದು ತಾಟು ಜಾಸ್ತಿ ಇಡ್ತಾರ. ಯಾರೂ ಕರೀದನ ಬಂದವರಿಗೆ."

ಮುದುಕಿ ಆ ಕುರ್ಚಿಯನ್ನು ಎಳೆದು ನನ್ನನ್ನು ಕೂರಿಸಿದಳು. ಏನು ಉಂಡೆನೋ ನೆನಪಿಲ್ಲ. ಉಂಡಾದ ಮೇಲೆ ಎದ್ದು ನನ್ನ ತಟ್ಟೆಯನ್ನು ನಾನೇ ಎತ್ತಲು ಕೈ ಹಾಕಿದೆ.

ಆಕೆ ನನ್ನ ಕೈಯ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟಳು. "ನೋ, ನೋ. ಗೆಸ್ಟ್" ಎಂದು ಹೇಳಿ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋದಳು.